ಬೇಲೇಕೇರಿ ಅಕ್ಕೋರ ಕಾರಿನ ಸೆಲ್ಫ್

ನಾನು ಒಂದು ಸೆಲ್ಫ್. ಕಾರ್ಖಾನೆಯವರು ಇಟ್ಟ ಹೆಸರು ಸ್ಟಾರ್ಟರ್ ಮೋಟಾರು. ಆದರೆ ಗ್ಯಾರೇಜುಗಳಲ್ಲಿ ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ನೀವು ಕಾರಿನ ಕೀಲಿ ತಿರುಗಿಸಿದಾಗ ಮಲಗಿದ್ದ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವವನು ನಾನು. ಅದು ಎದ್ದ ಕೂಡಲೇ ನನ್ನ ಹಲ್ಲುಗಾಲಿ ಹಿಂದೆ ಸರಿಯುತ್ತದೆ. ಆಮೇಲೆ ಇಡೀ ದಾರಿ ನನಗೆ ಕೆಲಸವಿಲ್ಲ, ಮಾತಿಗೂ ಯಾರಿಲ್ಲ.

ಕಾರ್ಖಾನೆಯಲ್ಲಿ ಒಬ್ಬಳು ಹೆಂಗಸು ನನ್ನ ಹೊಟ್ಟೆಯೊಳಗಿನ ತಾಮ್ರದ ತಂತಿಯನ್ನು ತಿದ್ದಿ ಕೂರಿಸಿದಳು. ಇನ್ನೊಬ್ಬರು ಕರೆಂಟು ಕೊಟ್ಟು ಒಮ್ಮೆ ತಿರುಗಿಸಿ ನೋಡಿ ಡಬ್ಬಿಗೆ ಹಾಕಿದರು. ಆಮೇಲೆ ನನ್ನನ್ನು ಒಂದು ಸಣ್ಣ ಬಿಳಿ ಕಾರಿನ ಎಂಜಿನ್ನಿನ ಕೆಳಬದಿಗೆ ಎರಡು ಬೋಲ್ಟು ಹಾಕಿ ಬಿಗಿದರು. ಅಲ್ಲಿಂದ ನನಗೆ ಕಾಣುತ್ತಿದ್ದುದು ನೆಲ, ಮತ್ತು ಕಾರಿನ ಹತ್ತಿರ ಬಂದವರ ಕಾಲುಗಳು.

ಮೊದಲ ನಾಲ್ಕು ವರ್ಷ ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿದ್ದೆ. ಅವರ ಹೊಳೆಯುವ ಬೂಟುಗಳು ನೆನಪಿವೆ, ಅಷ್ಟೆ. ಅವರು ದೊಡ್ಡ ಕಾರು ಕೊಂಡರು. ನಾವು ಘಟ್ಟ ಇಳಿದು ಬೇಲೇಕೇರಿಗೆ ಬಂದೆವು.

ಕೊಂಡವರು ಕುಸುಮಾವತಿ ಗಾಂವಕರ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿಗೆಲ್ಲ ಅಕ್ಕೋರು. ತಂಗಿ ತಾರಾಳ ಎರಡೂ ಕಿಡ್ನಿ ಕೆಟ್ಟಿದ್ದವು. ಸೋಮವಾರ, ಗುರುವಾರ ಕಾರವಾರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಮುಗಿಸಿ ಬರುವಾಗ ಬಸ್ಸಿನಲ್ಲಿ ಅವಳಿಗೆ ತಲೆಸುತ್ತಿ ವಾಂತಿಯಾಗುತ್ತಿತ್ತು. ಅದಕ್ಕೇ ಅಕ್ಕೋರು ನಲವತ್ತಾರನೇ ವಯಸ್ಸಿನಲ್ಲಿ ಕಾರು ಕಲಿತರು.

ಕಲಿಯುವಾಗ ನನಗೆ ಬಿಡುವಿರಲಿಲ್ಲ. ಕ್ಲಚ್ಚು ಬಿಟ್ಟರೆ ಎಂಜಿನ್ ಆಫ್. ಮತ್ತೆ ಕೀಲಿ, ಮತ್ತೆ ನಾನು. "ಇನ್ನೊಂದ್ ಸಲ, ಇನ್ನೊಂದೇ ಸಲ" ಎಂದು ಅವರು ಮೇಲೆ ಗೊಣಗುವುದು ಕೇಳುತ್ತಿತ್ತು. ಅದು ನನಗೇ ಹೇಳಿದ್ದೆಂದು ತಿಳಿದು ತಿರುಗುತ್ತಿದ್ದೆ. ನನ್ನ ಬದುಕಿನಲ್ಲಿ ಯಾರಾದರೂ ನನ್ನೊಡನೆ ಮಾತಾಡಿದ್ದಿದ್ದರೆ ಅದು ಆಗ ಮಾತ್ರ.

ಹನ್ನೊಂದು ವರ್ಷ ಕಳೆಯಿತು. ಕಡಲಿನ ಉಪ್ಪುಗಾಳಿ ನನ್ನ ಮೈಗೆ ತುಕ್ಕು ಹಿಡಿಸಿತು. ಅದು ಹೊರಗಿನ ಮಾತು. ಒಳಗೆ, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು ಸವೆಯುತ್ತಿದ್ದವು. ಒಂದು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಅಕ್ಕೋರು ಕೀಲಿ ತಿರುಗಿಸಿದರು. ನಾನು "ಟಕ್" ಎಂದೆ. ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ.

ಪೇಟೆಯಲ್ಲಿ ಕೇಳಿದರೆ ಬ್ಯಾಟರಿ ಮುಗಿದಿದೆ ಅಂದರು. ಹೊಸ ಬ್ಯಾಟರಿ ಬಂತು. ನಾಲ್ಕು ದಿನ ಹೇಗೋ ತಿರುಗಿದೆ, ಐದನೇ ದಿನ ಮತ್ತೆ ಟಕ್. ತಪ್ಪು ಬ್ಯಾಟರಿಯದಲ್ಲ, ನನ್ನದು ಎಂದು ಕೂಗಿ ಹೇಳಬೇಕೆನಿಸಿತು. ನನಗಿದ್ದುದು ಆ ಒಂದೇ ಮಾತು, ಟಕ್. ಅದು ಯಾರಿಗೂ ಅರ್ಥವಾಗಲಿಲ್ಲ.

ಅಕ್ಕೋರು ತಂಗಿಗೆ ಹೇಳದೆ ಉಪಾಯ ಮಾಡಿದರು. ಮನೆಯ ಮುಂದೆ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಬ್ರೇಕ್ ಬಿಟ್ಟು ಉರುಳಿಸಿಕೊಂಡೇ ಸ್ಟಾರ್ಟ್ ಮಾಡುವುದು. ಕಾರವಾರದಲ್ಲೂ ಆಸ್ಪತ್ರೆಯ ಬಾಗಿಲು ಬಿಟ್ಟು ದೂರದ ದಿಬ್ಬದ ಮೇಲೆ ನಿಲ್ಲಿಸತೊಡಗಿದರು. ನನಗೆ ಕಾಣುತ್ತಿದ್ದುದು ನೀಲಿ ಚಪ್ಪಲಿ ಹಾಕಿದ ತಾರಾಳ ಬಾತ ಪಾದಗಳು. ಅವು ದಿಬ್ಬ ಹತ್ತಿ ಬರುವಾಗ ನಾಲ್ಕು ಕಡೆ ನಿಲ್ಲುತ್ತಿದ್ದವು.

"ಅಕ್ಕಾ, ಎಂತಕ್ಕೆ ಇಷ್ಟು ದೂರ ನಿಲ್ಲಿಸ್ತೆ? ನಂಗೆ ನಡೆಯೂಕೆ ಆಗೂದಿಲ್ಲ" ಎಂದಳು ಒಂದು ದಿನ.

"ಗಾಡಿ ಸ್ಟಾರ್ಟ್ ಆಗೂದಿಲ್ಲ ತಾರಾ. ನೀನು ಹೆದರ್ತೆ ಅಂತ ಹೇಳಲಿಲ್ಲ."

"ನಾನು ಹೆದರೂದು ದಿಬ್ಬಕ್ಕೆ. ಬಾಗಿಲ ಹತ್ರವೇ ನಿಲ್ಲಿಸು. ಆದದ್ದು ಆಗಲಿ."

ಮುಂದಿನ ಗುರುವಾರ ಬಾಗಿಲ ಹತ್ತಿರವೇ ನಿಲ್ಲಿಸಿದರು. ಸಪಾಟು ನೆಲ. ನಾಲ್ಕು ಗಂಟೆಯ ಡಯಾಲಿಸಿಸ್ ಮುಗಿಸಿ ಇಬ್ಬರೂ ಬಂದು ಕೂತರು. ಕೀಲಿ ತಿರುಗಿತು. ಇದ್ದಬದ್ದ ಬಲವನ್ನೆಲ್ಲ ಸೇರಿಸಿದೆ. ಟಕ್. ಮತ್ತೆ, ಟಕ್. ಸುಡುವ ಬಿಸಿಲು. ಅಕ್ಕೋರು ಇಳಿದು, ತಳ್ಳಲು ಯಾರಾದರೂ ಸಿಗುತ್ತಾರೇನೋ ಎಂದು ಗೇಟಿನ ಕಡೆ ಓಡಿದರು. ಆಗ ಎಡಬಾಗಿಲು ತೆರೆಯಿತು. ನೀಲಿ ಚಪ್ಪಲಿಗಳು ನಿಧಾನವಾಗಿ ಕಾರಿನ ಹಿಂದಕ್ಕೆ ಹೋಗಿ ನಿಂತವು. ತಳ್ಳುವ ಬಲಕ್ಕೆ ಹಿಮ್ಮಡಿ ಮೇಲೆದ್ದಿತು. ಕಾರು ಒಂದು ಗೇಣೂ ಸರಿಯಲಿಲ್ಲ.

"ತಾರಾ! ಕೈ ತೆಗಿ! ಈಗಷ್ಟೇ ಸೂಜಿ ತೆಗೆದ ಕೈ ಅದು!"

ಅಕ್ಕೋರ ದನಿ ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ. ಆಸ್ಪತ್ರೆಯ ಇಬ್ಬರು ಕಾವಲುಗಾರರು ಬಂದು ತಳ್ಳಿದರು, ಎಂಜಿನ್ ಎದ್ದಿತು. ಇಷ್ಟು ವರ್ಷಗಳಲ್ಲಿ ಎಂದೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಮರುದಿನ ಅಂಕೋಲೆಯ ಬೀರಣ್ಣನ ಅಂಗಡಿಗೆ ಹೋದೆವು. ಅವನು ವಾಹನಗಳ ವೈರಿಂಗ್ ಕೆಲಸದವನು. ಮೊದಲು ಹೆಡ್‌ಲೈಟ್ ಹಾಕಿಸಿ ಕೀಲಿ ತಿರುಗಿಸಲು ಹೇಳಿದ.

"ನೋಡಿ ಅಕ್ಕೋರೆ, ಲೈಟು ಮಂಕಾಗಲಿಲ್ಲ. ಬ್ಯಾಟರಿ ಗಟ್ಟಿ ಇದೆ. ಸೆಲ್ಫ್ ಕರೆಂಟೇ ಎಳೀತಾ ಇಲ್ಲ."

ಆಮೇಲೆ ಕೆಳಗೆ ತೂರಿ, ನನ್ನ ದಪ್ಪ ತಂತಿಗೆ ಸಣ್ಣ ಬಲ್ಬು ಮುಟ್ಟಿಸಿದ. ಕೀಲಿ ತಿರುಗಿದಾಗ ಬಲ್ಬು ಉರಿಯಿತು, ಅಂದರೆ ಕರೆಂಟು ನನ್ನವರೆಗೆ ಬರುತ್ತಿತ್ತು, ನಾನು ತಿರುಗಲಿಲ್ಲ. ಸ್ಪ್ಯಾನರಿನಿಂದ ನನ್ನ ಮೈಮೇಲೆ ಮೆಲ್ಲಗೆ ಎರಡು ಪೆಟ್ಟು ಹಾಕಿದ. ಒಳಗಿನ ಕಾರ್ಬನ್ ಅಲುಗಿ ತಾಗಿತು, ಎಂಜಿನ್ ಎದ್ದೇಬಿಟ್ಟಿತು. "ಸಿಕ್ಕಿತು" ಎಂದ. ಕೊನೆಗೂ ಒಬ್ಬನಿಗೆ ನನ್ನ ಮಾತು ತಿಳಿದಿತ್ತು.

ಬ್ಯಾಟರಿಯ ತಂತಿ ಬಿಚ್ಚಿ, ಬೋಲ್ಟು ಸಡಿಲಿಸಿ, ನನ್ನನ್ನು ಬೆಳಕಿಗೆ ತಂದು ಬೆಂಚಿನ ಮೇಲಿಟ್ಟ. ಅಲ್ಲಿ ಅಕ್ಕೋರ ಮುಖವನ್ನು ಮೊದಲ ಸಲ ನೋಡಿದೆ. ದಪ್ಪ ಕನ್ನಡಕ, ಕಿವಿಯ ಪಕ್ಕ ನರೆತ ಕೂದಲು, ನಿದ್ದೆಯಿಲ್ಲದ ಕಣ್ಣು. ಹನ್ನೊಂದು ವರ್ಷ ನಾನು ಎದುರು ನೋಡುತ್ತಿದ್ದ ಕೈ ಇವರದೇ.

"ಕಾರ್ಬನ್ ಹಾಕಿದ್ರೆ ಓಡ್ತದೆ" ಎಂದ ಬೀರಣ್ಣ. "ಆದ್ರೆ ಒಳಗೆ ಅಚ್ಚು ಕೂರುವ ಬುಶ್ಶೂ ಸವೆದಿದೆ."

"ಮತ್ತೆ ಕೈಕೊಡೂದಿಲ್ಲ ಅಂತ ಹೇಳ್ತ್ರಾ?"

ಬೀರಣ್ಣ ನನ್ನನ್ನೊಮ್ಮೆ ನೋಡಿದ. "ಅದು ಹೇಳೂಕೆ ಆಗೂದಿಲ್ಲ."

"ಹಾಗಾದ್ರೆ ಹೊಸತೇ ಹಾಕಿ."

ಅವರು ಹೇಳಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹೊಸ ಸೆಲ್ಫ್ ಅರೆ ಕ್ಷಣದಲ್ಲಿ ಎಂಜಿನ್ ಎಬ್ಬಿಸಿತು. ಅಕ್ಕೋರು ನಕ್ಕರು. ಆ ನಗುವನ್ನೂ ನೋಡಿದೆ. ಕಾರು ಹೊರಟುಹೋಯಿತು.

ಬೀರಣ್ಣನಿಗೆ ನನ್ನನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಹೊಸ ಕಾರ್ಬನ್ ಹಾಕಿ ಬೆಂಚಿಗೆ ಬಿಗಿದ. ಯಾರದಾದರೂ ಬ್ಯಾಟರಿ ಬಂದರೆ ನನಗೆ ತಾಗಿಸಿ ನೋಡುತ್ತಾನೆ. ನಾನು ಕಿರುಚಿಕೊಂಡು ತಿರುಗುತ್ತೇನೆ.

ಮಳೆಗಾಲ ಮುಗಿದ ಮೇಲೆ ಅಕ್ಕೋರು ಹೆಡ್‌ಲೈಟ್ ಬಲ್ಬಿಗೆಂದು ಬಂದರು. ತಾರಾ ಕಾರಿನಲ್ಲೇ ಕೂತಿದ್ದಳು. ಇನ್ನೂ ತೆಳ್ಳಗಾಗಿದ್ದಳು, ಆದರೆ ಇದ್ದಳು. ಆಗ ನಾನು ತಿರುಗುತ್ತಿದ್ದೆ.

"ಅಯ್ಯೋ, ಎಂತ ಶಬ್ದ ಮಾರಾಯ!" ಎಂದು ಅಕ್ಕೋರು ಕಿವಿ ಮುಚ್ಚಿಕೊಂಡರು.

"ಇದು ನಿಮ್ಮ ಗಾಡೀದೇ ಅಕ್ಕೋರೆ."

"ಹೌದ್ರಾ?" ಹತ್ತಿರ ಬಂದು ಒಂದು ಬೆರಳಿನಿಂದ ಮುಟ್ಟಿದರು. "ಎಷ್ಟು ಚೆಂದ ತಿರುಗ್ತಾ ಇದೆ! ನಮ್ಮಲ್ಲಿದ್ದಾಗ ಇದಕ್ಕೆ ಎಂತಾಗಿತ್ತು?"

"ಈಗ ಭಾರ ಇಲ್ವಲ್ಲ" ಎಂದ ಬೀರಣ್ಣ.

ತಾರಾ ಕರೆದಳು, ಅಕ್ಕೋರು ಹೋದರು.

ಬೀರಣ್ಣ ಹೇಳಿದ್ದು ನಿಜ. ಎಬ್ಬಿಸಲು ಎಂಜಿನ್ನಿಲ್ಲ, ಕಾಯುವ ಕೈಯಿಲ್ಲ. ತಿರುಗುವುದು ಎಷ್ಟು ಸುಲಭವಾಗಿದೆಯೆಂದರೆ ನಿಲ್ಲುವುದೇ ತಡವಾಗುತ್ತದೆ. ನಿಂತ ಮೇಲೆ ಸುತ್ತ ನೋಡುತ್ತೇನೆ. ನನ್ನಿಂದಾಗಿ ಎಲ್ಲಿಗೂ ಯಾರೂ ಹೊರಟಿರುವುದಿಲ್ಲ.