ಹೊಸ್ತಿಲಜ್ಜಿಯ ನಿದ್ದೆ

ಕಿವಿಗೆ ಹಾಕಿದ ಹೆಡ್‌ಫೋನಿನಿಂದ ಯಾರದೋ ಕೊಬ್ಬರಿ ಎಣ್ಣೆಯ ವಾಸನೆ, ತನಗಿಂತ ಮೊದಲು ಇಲ್ಲಿ ಕೂತು ಹೋದವರು ಯಾರೋ, ರಾಕ್ಷಸನ ಪಾತ್ರವೋ ರಾಜಕುಮಾರಿಯದೋ, ಜ್ಯೋತಿಲಕ್ಷ್ಮಿ ಮೂಗು ಸಿಂಡರಿಸುವ ಹೊತ್ತಿಗೆ ಸ್ಟುಡಿಯೋದ ಗಾಜಿನ ಆಚೆಯಿಂದ ರೆಕಾರ್ಡಿಂಗ್ ಮಾಡುವ ವಿಜಯ್ ಕುಮಾರ್ ಹೆಬ್ಬೆರಳೆತ್ತಿದ — ರೆಡೀನಾ ಮೇಡಂ, ಮೂರೇ ಸಾಲು ಇವತ್ತು, ಹತ್ ನಿಮಿಷದಲ್ಲಿ ಮನೆಗ್ ಕಳಿಸ್ಬಿಡ್ತೀನಿ — ಮೂರೇ ಸಾಲು, ಯಶವಂತಪುರ ಸ್ಟೇಷನ್ನಿನಲ್ಲಿ ಇಪ್ಪತ್ತಾರು ವರ್ಷ ಮೈಕಿನ ಮುಂದೆ ಪ್ರಯಾಣಿಕರ ಗಮನಕ್ಕೆ ಎಂದವಳಿಗೆ ಮೂರು ಸಾಲು ಯಾವ ಮಹಾ, ಆದರೆ ಕೈಯಲ್ಲಿನ ಕಾಗದವನ್ನು ಮತ್ತೆ ಮೊದಲಿನಿಂದ ಓದುತ್ತಾಳೆ, ಸದ್ದು ಸೇರುತ್ತದೆಂದು ಏಸಿಯನ್ನೂ ಆರಿಸಿದ್ದಾರೆ, ಆರ್.ಟಿ. ನಗರದ ಒಂದು ಹಾರನ್ನೂ ಈ ಗೋಡೆ ದಾಟಿ ಬರುವುದಿಲ್ಲ. ನಾನು ಎಚ್ಚರವಿದ್ದೆ. ಅಕ್ಕ ಮೂರು ಸಲ ಬಾಗಿಲು ಬಡಿದಳು. ನಾನು ತೆಗೆಯಲಿಲ್ಲ. ಅಷ್ಟೇ ಬರೆದಿದೆ, ದಪ್ಪ ಅಕ್ಷರದಲ್ಲಿ, ವಯಸ್ಸಾದವಳಿಗೆ ಕಾಣಲಿ ಎಂದು ದೊಡ್ಡದು ಮಾಡಿ ಕೊಟ್ಟಿದ್ದಾರೆ, ಪಾಪ.

ಒಂಬತ್ತು ವರ್ಷದ ಹಿಂದೆ ಇದೇ ಮಹಡಿಗೆ ಮೊದಲು ಬಂದಾಗ ಮಂಡಿ ನೋಯುತ್ತಿರಲಿಲ್ಲ, ಫೋನಿನಲ್ಲಿ ಆಡುವ ಆಟವಂತೆ, ಏಳು ಕೋಟೆಗಳ ಒಂದು ಸೀಮೆಯಂತೆ, ಅದರ ಉತ್ತರದ ಬಾಗಿಲು ಕಾಯುವ ಇನ್ನೂರು ವರ್ಷದ ಮುದುಕಿ ಹೊಸ್ತಿಲಜ್ಜಿಗೆ ನಿಮ್ಮ ದನಿ ಬೇಕು ಎಂದಿದ್ದರು, ಆಟ ಆಡುವವರು ಕೋಟೆಗೆ ಬಂದಾಗ ಹೊಸ್ತಿಲಜ್ಜಿ ತನ್ನ ಕಥೆ ಹೇಳಬೇಕು, ಕೋಟೆ ಉರಿದ ದಿನ ನನ್ನ ಅಕ್ಕ ಬಂದು ಬಾಗಿಲು ಬಡಿದಳು, ಬಾಗಿಲು ತೆರೆಯಲಿಲ್ಲ, ಅಕ್ಕ ಮಂಜಿನೊಳಗೆ ಹೊರಟು ಹೋದಳು — ಇಷ್ಟೇ ಬರೆದಿದ್ದರು, ಯಾಕೆ ತೆರೆಯಲಿಲ್ಲ ಎಂದು ಬರೆದವರೂ ಯೋಚಿಸಿರಲಿಲ್ಲ, ಓದುತ್ತಾ ಓದುತ್ತಾ ಇವಳ ಬಾಯಿಂದಲೇ ಬಂದುಬಿಟ್ಟಿತು, ಕಾಗದದಲ್ಲಿ ಇಲ್ಲದ ಮಾತು, ನನಗೆ ನಿದ್ದೆ ಹತ್ತಿತ್ತು. ಸೂಪರ್ ಮೇಡಂ, ಅದನ್ನ ಹಂಗೇ ಇಟ್ಕೊಳೋಣ, ಎಂದು ಕುಣಿದಿದ್ದ ವಿಜಯ್, ಆಗ ಅವನ ತಲೆಯಲ್ಲಿ ಇನ್ನೂ ಕೂದಲಿತ್ತು. ಇಟ್ಟುಕೊಂಡರು. ಇನ್ನೂರು ವರ್ಷ ಕಾದವಳು ಅವತ್ತೇ ಯಾಕೆ ಮಲಗಿದಳು ಎಂದು ಆಡುವವರು ಕೇಳಿದರಂತೆ, ಮುಂದಿನ ವರ್ಷ ಇವಳನ್ನು ಕರೆಸಿ, ಮಂತ್ರವಾದಿಯೊಬ್ಬ ಹಾಲಿಗೆ ಮದ್ದು ಹಾಕಿದ್ದ ಎಂದು ಹೇಳಿಸಿದರು, ಹಾಗಾದರೆ ಆ ಮದ್ದು ಯಾವುದು ಎಂದು ಕೇಳಿದ್ದಕ್ಕೆ ನಿದ್ದೆಹೂವು ಎಂಬ ಬಳ್ಳಿ ಹುಟ್ಟಿಸಿದರು, ಆ ಬಳ್ಳಿ ಬೆಳೆಯುವ ಒಂದು ಊರು, ಆ ಊರಿಗೊಂದು ಹಬ್ಬ, ಹಬ್ಬದ ದಿನ ಎಲ್ಲರೂ ಬಾಗಿಲ ಮುಂದೆ ಮಲಗುತ್ತಾರಂತೆ, ಒಂದು ಮಾತಿಗೆ ಇಷ್ಟು ಸಂಸಾರ.

ತನ್ನ ಸ್ವಂತ ಅಕ್ಕನಿಗೂ ಅಷ್ಟೇ ಅಲ್ಲವೇ, ಅವತ್ತು ಬಾಗಿಲು ತೆಗೆಯದ್ದಕ್ಕೆ ಮೊದಲು ಹೇಳಿದ್ದು ನಿದ್ದೆ ಹತ್ತಿತ್ತು ಕಣಕ್ಕಾ ಎಂದು, ಆಮೇಲೆ ಅಂಥ ನಿದ್ದೆ ಹೇಗೆ ಹತ್ತಿತು ಎಂದು ಯಾರೂ ಕೇಳದಿದ್ದರೂ ತಾನೇ ಜ್ವರ ಸೇರಿಸಿದಳು, ಜ್ವರಕ್ಕೆ ಡಾಕ್ಟರು ಕೊಟ್ಟ ಮಾತ್ರೆ ಸೇರಿಸಿದಳು, ಪಕ್ಕದ ಮನೆಯ ಹಿಟ್ಟಿನ ಗಿರಣಿಯ ಸದ್ದು ಸೇರಿಸಿದಳು, ನಲವತ್ತೈದು ವರ್ಷದಲ್ಲಿ ಅದು ಎಷ್ಟು ಗಟ್ಟಿಯಾಯಿತೆಂದರೆ ಮುನಿಕೃಷ್ಣಮ್ಮಕ್ಕನೇ ಮದುವೆಮನೆಗಳಲ್ಲಿ ಹೇಳುತ್ತಾಳೆ, ಅವತ್ತು ನಾನು ಗಂಡನ್ ಒಡ್ತ ತಡೀನಾರ್ದೆ ಯಲಹಂಕದಿಂದ ರೈಲ್ ಅತ್ಕೊಂಡು ಬಂದ್ರೆ, ಇವ್ಳಿಗೆ ಮೈ ಸುಡೋ ಜ್ವರ ಕಣ್ರವ್ವಾ, ಎಚ್ಚರಾನೇ ಇಲ್ಲ ಪಾಪ, ಇಂಗೇ ವಾಪಸ್ ಓದೆ, ಎನ್ನುತ್ತಾ ಇವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾಳೆ. ವಾಪಸ್ ಹೋದವಳು ಇನ್ನೂ ಹತ್ತೊಂಬತ್ತು ವರ್ಷ, ಅವನು ಸಾಯುವ ತನಕ, ಆ ಮನೆಯಲ್ಲೇ ಬಾಳಿದಳು. ಎಡಗೈ ಮೊಣಕೈಯಿಂದ ಈಚೆಗೆ ಸೊಟ್ಟ, ಯಾವತ್ತು ಮುರಿದದ್ದು ಎಂದು ಇವಳು ಕೇಳಿಲ್ಲ, ಅವಳು ಹೇಳಿಲ್ಲ. ಆಟ ಬಂದ ಹೊಸದರಲ್ಲಿ ಅಕ್ಕನ ಮೊಮ್ಮಗಳು ಧನುಶ್ರೀ ಫೋನು ಅಜ್ಜಿಯ ಕಿವಿಗೆ ಹಿಡಿದಿದ್ದಳು, ನೋಡಜ್ಜಿ, ಚಿಕ್ಕಜ್ಜಿ ವಾಯ್ಸ್ ಇದು, ಅಕ್ಕ ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡು ನಕ್ಕಿದ್ದಳು — ಅಲ್ಲೂ ಮಲ್ಗ್‌ಬುಟ್ಟೇನೇ ಜ್ಯೋತೀ? — ಎಲ್ಲರೂ ನಕ್ಕರು, ಇವಳೂ ನಕ್ಕಳು.

ಟೇಕ್ ಮೇಡಂ, ಎಂದ ವಿಜಯ್, ಕೆಂಪು ದೀಪ ಹತ್ತಿತು, ಇವಳು ಉಸಿರು ಎಳೆದು, ಅಕ್ಕ ಬಾಗಿಲು ಬಡಿದಾಗ ನನಗೆ ನಿದ್ದೆ ಹತ್ತಿತ್ತು, ಎಂದುಬಿಟ್ಟಳು. ಅಯ್ಯೋ ಮೇಡಂ, ಅದು ಹಳೇ ಸ್ಟೋರಿ, ನಿದ್ದೆಯಿಂದ ಎದ್ದೇಳ್ರೀ ಇನ್ನಾದ್ರೂ, ಎಂದು ಅವನು ನಕ್ಕ, ಅವನ ಪಕ್ಕದಲ್ಲಿ ಕೂತಿದ್ದ ಐಶ್ವರ್ಯ ನಗಲಿಲ್ಲ, ಧಾರವಾಡದ ಕಡೆಯ ಹುಡುಗಿ, ಈಗ ಆಟದ ಆ ಸೀಮೆಯ ಕಥೆ ಬರೆಯುವುದೆಲ್ಲ ಅವಳ ಕೈಯಲ್ಲಿ, ಯಾವ ವರ್ಷ ಯಾವ ಕೋಟೆ ಬಿತ್ತು ಎಂಬುದಕ್ಕೆ ಒಂದು ದಪ್ಪ ನೋಟ್‌ಬುಕ್ಕನ್ನೇ ಇಟ್ಟಿದ್ದಾಳೆ. ಏನಮ್ಮಾ, ಅಜ್ಜಿಗೆ ಜ್ವರ ಬಂದಿತ್ತು ಅಂತ ಮಾಡಿದ್ರೆ ಆಗಲ್ವಾ, ಎಂದು ಮೈಕಿನಲ್ಲೇ ಕೇಳಿದಳು ಜ್ಯೋತಿಲಕ್ಷ್ಮಿ, ತನ್ನ ದನಿ ತನಗೇ ಭಿಕ್ಷೆ ಬೇಡಿದಂತೆ ಕೇಳಿಸಿತು. ಜ್ವರ ಬಂದ್ರ ಕಿವಿ ಕಿವುಡ ಆಗ್ತಾವೇನ್ರೀ ಅಮ್ಮಾ? ಇನ್ನೂರು ವರ್ಷ ಒಂದಿನ ಕಣ್ ಮುಚ್ಚಲಾರದಾಕಿ, ಒಡಹುಟ್ಟಿದಾಕಿ ಬಂದಾಗ ಹೆಂಗ ಮಲಗತಾಳ್ರೀ? ಒಪ್ಪಂಗಿಲ್ರೀ ಮನಸ್ಸು, ಎಂದಳು ಐಶ್ವರ್ಯ. ನಲವತ್ತೈದು ವರ್ಷದಲ್ಲಿ ಇಷ್ಟು ನೇರ ಕೇಳಿದವರು ಇಲ್ಲ, ಅದೂ ಮೊಸರನ್ನದ ಡಬ್ಬಿ ಮುಚ್ಚುತ್ತಾ. ಹಾಗಾದ್ರೆ ಆ ಹೂವು, ಆ ಹಬ್ಬ, ಅದನ್ನೆಲ್ಲ ಅಳಿಸ್ತೀರಾ? ಏನೂ ಅಳಸಂಗಿಲ್ರೀ, ಎಲ್ಲಾ ಇದ್ದಲ್ಲೇ ಇರ್ತದ, ಇಷ್ಟ ದಿನ ಅಜ್ಜಿ ಹೇಳಿದ್ದು ಸುಳ್ಳು ಅಂತ ಈಗ ಗೊತ್ತಾಗ್ತದ, ಅಷ್ಟ.

ಅಷ್ಟ. ಮುಂದಿನ ತಿಂಗಳು ಧನುಶ್ರೀಯ ಫೋನಿಗೆ ಇದು ತಾನಾಗಿಯೇ ಇಳಿಯುತ್ತದೆ, ಆ ಹುಡುಗಿ ಓಡಿ ಹೋಗಿ ಅಜ್ಜಿಯ ಕಿವಿಗೆ ಹಿಡಿಯುತ್ತಾಳೆ, ಬೇಡ ಎಂದು ಎದ್ದುಬಿಟ್ಟರಾಯಿತು, ಗಂಟಲು ಕಟ್ಟಿದೆ ಎಂದರಾಯಿತು, ಬೇರೆ ಯಾರ ಬಾಯಲ್ಲಾದರೂ ಹೇಳಿಸಿಕೊಳ್ಳಲಿ — ಮತ್ತೆ ಗಂಟಲು, ಮತ್ತೊಂದು ಜ್ವರ. ಅಕ್ಕ ಬಂದ ಅವತ್ತು ಮಧ್ಯಾಹ್ನ ಮೂರು ಗಂಟೆ, ಬೇಸಿಗೆ, ಮಾರ್ಕೆಟ್ಟಿನ ಹಿಂದಿನ ಓಣಿಯ ಮನೆ, ಅಮ್ಮ ಅಪ್ಪ ಹಣ್ಣು ತರಲು ಹೋಗಿದ್ದಾರೆ, ಸಂಜೆ ಹನುಮಯ್ಯನವರ ಕಡೆಯವರು ಇವಳನ್ನು ನೋಡಲು ಬರುವವರಿದ್ದಾರೆ, ಅಪ್ಪ ಹೋಗುವಾಗ ಹೇಳಿದ್ದ, ಗಂಡನ್ನ ಬಿಟ್ಟು ಬಂದೋಳು ಜಗಲಿ ಮೇಲೆ ಕೂತಿದ್ರೆ ನಿನ್ನ ಯಾರ್ ಮಾಡ್ಕೊತಾರೆ, ಅವ್ಳು ಬಂದ್ರೆ ಬಾಗ್ಲು ತೆಗೀಬೇಡ, ಅಪ್ಪ ಹೇಳಿದ್ದ, ಹೌದು, ಆದರೆ ಅಪ್ಪ ಮನೆಯಲ್ಲಿ ಇರಲಿಲ್ಲ, ಚಿಲಕ ಇವಳ ಕೈಗೆ ಎಟುಕುತ್ತಿತ್ತು. ಜ್ಯೋತೀ, ನಾನು ಕಣೇ. ಮೂರು ಸಲ. ಸಂಜೆ ಅವರು ಬಂದರು, ಉಪ್ಪಿಟ್ಟು ತಿಂದರು, ಒಪ್ಪಿದರು, ಹನುಮಯ್ಯ ಒಳ್ಳೆಯವನು, ಒಂದು ದಿನ ಕೈ ಎತ್ತಲಿಲ್ಲ, ಆ ಒಳ್ಳೆಯತನದ ಪಕ್ಕದಲ್ಲಿ ಮಲಗಿ ನಿದ್ದೆ ಬಾರದೆ —

ಮೇಡಂ? ಹೇಳ್ತೀನಪ್ಪಾ, ಹಾಕು ದೀಪ. ಕೆಂಪು. ನಾನು ಎಚ್ಚರವಿದ್ದೆ. ಕಾಗದ ನೋಡಲಿಲ್ಲ. ಅಕ್ಕ ಮೂರು ಸಲ ಬಾಗಿಲು ಬಡಿದಳು. ಸ್ಟೇಷನ್ನಿನ ದನಿಯಲ್ಲ, ಅಜ್ಜಿಯ ದನಿಯೂ ಅಲ್ಲ, ಹತ್ತೊಂಬತ್ತು ವಯಸ್ಸಿನ ಜ್ಯೋತಿಯದು. ನಾನು ತೆಗೆಯಲಿಲ್ಲ. ಗಾಜಿನ ಆಚೆ ಯಾರೂ ಹೆಬ್ಬೆರಳೆತ್ತಲಿಲ್ಲ, ವಿಜಯ್ ಮೆಲ್ಲಗೆ, ಓಕೆ ಮೇಡಂ, ಎಂದ, ಕೆಂಪು ಆರಿತು, ಇವಳಿಗೆ ಏಳಲಾಗಲಿಲ್ಲ, ಯಾಕೆಂದರೆ ಓಣಿಯ ಆ ಮನೆಯ ಬಾಗಿಲಿನ ಕೆಳಗೆ ನಾಲ್ಕು ಬೆರಳಗಲ ಸಂದಿ ಇತ್ತು, ಆ ಸಂದಿಯಲ್ಲಿ ಅಕ್ಕನ ಪಾದ ಎರಡು, ಹವಾಯಿ ಚಪ್ಪಲಿ, ಬಡಿದಾದ ಮೇಲೂ ಹೋಗದೆ ನಿಂತ ಪಾದ, ಚಪ್ಪಲಿಯ ಬಾರು ಕಿತ್ತಿತ್ತು, ಅದಕ್ಕೆ ಪಿನ್ನು ಹಾಕಲು ಅಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು, ಬಳೆ ಒಡೆದ ಕೈ ಕೆಳಗೆ ಬಂತು, ಪಿನ್ನು ಚುಚ್ಚುತ್ತಿದ್ದ ಬೆರಳು ಅರ್ಧಕ್ಕೇ ನಿಂತಿತು, ತುಂಬಾ ಹೊತ್ತು ನಿಂತಿತು, ಇವಳು ನಲವತ್ತೈದು ವರ್ಷ ಆ ಬೆರಳನ್ನೇ ನೋಡಿದ್ದಳು, ಬೆರಳು ಏನನ್ನು ಕಂಡು ನಿಂತಿತು ಎಂದು ನೋಡಿರಲಿಲ್ಲ, ಹಿತ್ತಿಲ ಬಾಗಿಲು ತೆರೆದಿತ್ತು, ಬಿಸಿಲು ನಡುಮನೆಯವರೆಗೂ ಬಂದಿತ್ತು, ಸಂದಿಯ ಆ ಬದಿಯಿಂದ ಅಕ್ಕನಿಗೆ ಈ ಬದಿ ಕಾಣುತ್ತಿತ್ತು, ಒಂದು ಗೇಣು ದೂರದಲ್ಲಿ, ಸಂಜೆಗೆಂದು ಆಗ ತಾನೇ ಅರಿಸಿನ ಹಚ್ಚಿದ, ಅಲ್ಲಾಡದೆ ನಿಂತ, ಇವಳ ಎರಡು ಹಳದಿ ಪಾದ, ಎರಡು ಹಳದಿ ಪಾದ