ಇದ್ರಿಸ್ ಸಾಹೇಬರ ಶಿಷ್ಯ ಹಜ್ಜಿಗೆ ಹೊರಟದ್ದು

ಸೌದಿಯ ಖಮೀಸ್ ಮುಶೈತಿನಲ್ಲಿದ್ದ ಒಂದು ವಿದೇಶಿ ಕಂಪೆನಿಯ ಕಾಲನಿಯಲ್ಲಿ ಈಜುಕೊಳ ನೋಡಿಕೊಳ್ಳಲು ಇಟ್ಟಿದ್ದ ಮನುಷ್ಯನಿಗೆ ಈಜು ಬರುತ್ತಿರಲಿಲ್ಲ. ಈ ಸಂಗತಿ ಕಂಪೆನಿಗೆ ಗೊತ್ತಿರಲಿಲ್ಲ, ಕೊಳದ ಪಂಪು ರಿಪೇರಿ ಮಾಡುವ ಮೊಯ್ದುವಿಗೆ ಮಾತ್ರ ಗೊತ್ತಿತ್ತು. ಯಾರಾದರೂ ಮುಳುಗಿದರೆ ಏನು ಮಾಡುತ್ತೀರಿ ಎಂದು ಮೊಯ್ದು ಒಮ್ಮೆ ಕೇಳಿದ್ದಕ್ಕೆ, "ನಿನ್ನನ್ನು ಕರೆಯುತ್ತೇನೆ" ಎಂದಿದ್ದ ಆ ಆಸಾಮಿ. ಅವನ ಹೆಸರು ಇದ್ರಿಸ್ ಪ್ರಾಸರ್.

ಬಿಳಿಯ ಮನುಷ್ಯನಿಗೆ ಪ್ರವಾದಿಯೊಬ್ಬರ ಹೆಸರು ಹೇಗೆ ಬಂತು ಎಂದು ಕೆಲಸಗಾರರ ಕ್ಯಾಂಪಿನ ಬ್ಯಾರಿಗಳೆಲ್ಲ ಒಂದು ವಾರ ತಲೆ ಕೆಡಿಸಿಕೊಂಡರು. ಅವನ ಊರಿನಲ್ಲಿ ಅದು ಮಾಮೂಲಿ ಹೆಸರಂತೆ. ಊರು ವೇಲ್ಸ್. ಇಂಗ್ಲೆಂಡಿನವರು ಎಂದು ಬಾಯಿತಪ್ಪಿ ಹೇಳಿದರೆ ಅವನ ಮುಖ ಕೆಂಪಗಾಗುತ್ತಿತ್ತು. ಕಂಡಕಂಡವರೆಲ್ಲ ಬ್ಯಾರಿಯಾದ ತನ್ನನ್ನು ಮಲಬಾರಿ ಎಂದು ಕರೆಯುವುದನ್ನು ಕೇಳಿ ಕೇಳಿ ಬೇಸತ್ತಿದ್ದ ಮೊಯ್ದುವಿಗೆ ಆ ಸಿಟ್ಟು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಇಬ್ಬರ ಸ್ನೇಹ ಶುರುವಾದದ್ದೇ ಹಾಗೆ.

ಇದ್ರಿಸ್ ಸಾಹೇಬರು ಹದಿನಾರು ವರ್ಷ ಸಂಬಳ ತೆಗೆದುಕೊಂಡು ಫುಟ್ಬಾಲ್ ಆಡಿದವರು. ಅಪ್ಪ ಕಲ್ಲಿದ್ದಲು ಗಣಿಗೆ ಇಳಿಯುತ್ತಿದ್ದ. ಮಗ ಗಣಿ ಬೇಡವೆಂದು ಮೈದಾನಕ್ಕೆ ಬಂದ. ಅಲ್ಲಿಯೂ ಕೆಸರೇ ಸಿಕ್ಕಿತು. ಇಂಗ್ಲೆಂಡಿನ ಕೆಳಗಿನ ದರ್ಜೆಯ ಕ್ಲಬ್ಬುಗಳು, ಬಟ್ಟೆ ಬದಲಿಸಲು ಮಾಡು ಸೋರುವ ಕೋಣೆಗಳು, ಮಳೆಯಲ್ಲಿ ನೆನೆಯುತ್ತ ಬೈಯುವ ಪ್ರೇಕ್ಷಕರು. ಅವರು ಡಿಫೆಂಡರ್. ಇಡೀ ಜೀವನದಲ್ಲಿ ಮೂರು ಗೋಲು ಹೊಡೆದಿದ್ದರು, ಅದರಲ್ಲಿ ಎರಡು ತಮ್ಮದೇ ತಂಡದ ಬಲೆಗೆ. ಒಮ್ಮೆ ವೇಲ್ಸ್ ದೇಶದ ತಂಡಕ್ಕೂ ಕರೆದಿದ್ದರು. ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕುಳಿತರು, ಆಟ ಮುಗಿಯಿತು, ಕೋಟು ವಾಪಸು ಕೊಟ್ಟು ಮನೆಗೆ ಬಂದರು. ಆಮೇಲೆ ಮಂಡಿಗಳು ಕೈಕೊಟ್ಟವು, ಹೊಟ್ಟೆಪಾಡು ಅವರನ್ನು ಈಜುಕೊಳದ ದಂಡೆಗೆ ತಂದು ಕೂರಿಸಿತು.

ಬ್ಯಾರಿ ಹುಡುಗರ ತಂಡಕ್ಕೆ ಅವರನ್ನು ಕೋಚ್ ಮಾಡಿದ್ದು ಮೊಯ್ದುವೇ. ಬಂದವರು ಚೆಂಡನ್ನು ಮುಟ್ಟಲೇ ಇಲ್ಲ. ಮೊಯ್ದುವನ್ನು ಪಕ್ಕಕ್ಕೆ ಕರೆದು, ಕಾರ್ನರ್ ಕಿಕ್ಕಿನ ಹೊತ್ತಿಗೆ ಎದುರಾಳಿಯ ಹೆಬ್ಬೆರಳ ಮೇಲೆ ಹೇಗೆ ನಿಲ್ಲಬೇಕು ಎಂದು ತೋರಿಸಿಕೊಟ್ಟರು. ರೆಫರಿಯ ಕಣ್ಣು ಚೆಂಡಿನ ಮೇಲಿರುವಾಗ ಅಂಗಿಯನ್ನು ಹೆಗಲಲ್ಲಲ್ಲ, ಸೊಂಟದ ಹತ್ತಿರ ಹಿಡಿದು ಎಳೆಯಬೇಕು. ಎದುರಾಳಿ ಬಿದ್ದ ತಕ್ಷಣ ಎಲ್ಲರಿಗಿಂತ ಮೊದಲು ಓಡಿ ಕೈ ಕೊಟ್ಟು ಎಬ್ಬಿಸಬೇಕು, ಎಂಥ ಸಭ್ಯ ಮನುಷ್ಯ ಎಂದು ರೆಫರಿ ಅಂದುಕೊಳ್ಳಬೇಕು. ಎಬ್ಬಿಸುವಾಗ ಕಿವಿಯಲ್ಲಿ ಹೇಳಬೇಕಾದ ಮಾತೂ ಒಂದಿತ್ತು. ಅದನ್ನು ಇಲ್ಲಿ ಬರೆಯುವುದು ಬೇಡ.

ಮೊಯ್ದು ಬಂಟ್ವಾಳದ ಕಡೆಯ ಮುಗ್ಧ ಮನುಷ್ಯ. ಹೆತ್ತ ಉಮ್ಮನ ಎದುರು ತಲೆ ಎತ್ತಿ ಮಾತಾಡಿದವನಲ್ಲ. ಅವನೊಳಗೆ ಇಷ್ಟೊಂದು ಪೋಕರಿತನ ಇತ್ತು ಎಂದು ಅವನಿಗೇ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಅವನ ಹೆಸರು ಕೇಳಿದರೆ ಖಮೀಸಿನ ಫಾರ್ವರ್ಡುಗಳೆಲ್ಲ ಮೊಣಕಾಲು ಸವರಿಕೊಳ್ಳುವಂತಾಯಿತು. ಭಟ್ಕಳದವರ ತಂಡದ ಮುಝಫ್ಫರ್ ಅಂತೂ, ಗಾಳಿಯಂತೆ ಓಡುವ ಹುಡುಗ, ಈ ಎರಡು ವರ್ಷದಲ್ಲಿ ಮೊಯ್ದುವನ್ನು ದಾಟಿ ಒಂದು ಗೋಲೂ ಹೊಡೆದಿರಲಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಎಂಬತ್ತಾರನೇ ಇಸವಿಯಲ್ಲಿ ಕಫೀಲ್, ಅಂದರೆ ವೀಸಾ ಕೊಟ್ಟ ಅರಬಿ ಧಣಿ, ಕೊನೆಗೂ ಮನಸ್ಸು ಮಾಡಿ ಹಜ್ಜಿಗೆ ರಜೆ ಕೊಟ್ಟ. "ಮಕ್ಕ ಅಷ್ಟು ಹತ್ತಿರ ಇದ್ದೂ ಹೋಗದೆ ಕೂತಿದ್ದೀಯಲ್ಲ" ಎಂದು ಉಮ್ಮ ಬೀಫಾತುಮ್ಮ ಪ್ರತಿ ಕಾಗದದಲ್ಲೂ ಬರೆಸುತ್ತಿದ್ದಳು. ಮೊಯ್ದುವಿಗೂ ಅದೊಂದೇ ಆಸೆ; ಮುಂದಿನ ವರ್ಷ ಇದೇ ಕಫೀಲ್ ಇದೇ ಮನಸ್ಸಿನಲ್ಲಿರುತ್ತಾನೆ ಎಂಬ ಭರವಸೆಯೇನೂ ಇರಲಿಲ್ಲ. ಬಸ್ಸು ಹೊರಡುವುದು ಶುಕ್ರವಾರ, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಝಿನ ನಂತರ. ಅದೇ ಶುಕ್ರವಾರ ಸಂಜೆ ಭಟ್ಕಳದವರ ವಿರುದ್ಧ ಫೈನಲ್.

ಹಜ್ಜಿಗೆ ಹೊರಡುವವನು ತನ್ನಿಂದ ನೋವುಂಡವರ ಹತ್ತಿರ ಹೋಗಿ ಮಾಫಿ ಕೇಳಿಕೊಂಡೇ ಹೊರಡಬೇಕು. ಜನರಿಗೆ ಮಾಡಿದ ಅನ್ಯಾಯವನ್ನು ಆ ಜನರೇ ಮನ್ನಿಸದೆ ಅಲ್ಲಾಹನೂ ಮನ್ನಿಸುವುದಿಲ್ಲ. ಇದನ್ನು ಮೊಯ್ದುವಿಗೆ ನೆನಪಿಸಿದವರು ಅಬ್ದುಲ್ಲ ಕುಂಞಿ ಮುಸ್ಲಿಯಾರ್. ಅವರು ಹಗಲು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದರು, ಕ್ಯಾಂಪಿನಲ್ಲಿ ನಮಾಝಿಗೆ ಮುಂದೆ ನಿಲ್ಲುತ್ತಿದ್ದರು, ಶುಕ್ರವಾರ ತಂಡದ ಗೋಲ್‌ಕೀಪರ್ ಆಗಿರುತ್ತಿದ್ದರು.

"ಸುಮ್ಮನೆ ಮಾಫ್ ಮಾಡಿ ಅಂದ್ರೆ ಆಗುದಿಲ್ಲ ಮೊಯ್ದು," ಎಂದರು ಅವರು. "ಎಂತ ಮಾಡಿದ್ದು ಅಂತ ಬಿಡಿಸಿ ಹೇಳಿ ಕೇಳ್ಬೇಕು."

ಮೊಯ್ದು ಹೊರಟ. ಮಲಪ್ಪುರದವರ ಕ್ಯಾಂಪು, ಹೈದರಾಬಾದಿನವರ ಹೋಟೆಲು, ಪಾಕಿಸ್ತಾನಿಗಳ ಗ್ಯಾರೇಜು, ಒಂದನ್ನೂ ಬಿಡಲಿಲ್ಲ. ಹೋದಲ್ಲೆಲ್ಲ ತಲೆ ತಗ್ಗಿಸಿ, ಹೆಬ್ಬೆರಳು ತುಳಿದದ್ದು ಹೀಗೆ, ಅಂಗಿ ಎಳೆದದ್ದು ಹೀಗೆ ಎಂದು ಅಭಿನಯ ಸಹಿತ ವಿವರಿಸಿದ. ಕೇಳಿದವರೆಲ್ಲ ಚಹಾ ಕೊಟ್ಟು, "ಅದಕ್ಕೇನು, ಆಟ ಅಲ್ಲವಾ, ಅಲ್ಲಿ ಬೇಡುವಾಗ ನಮಗೂ ದುಆ ಮಾಡು" ಎಂದು ಬೆನ್ನು ತಟ್ಟಿದರು. ಒಬ್ಬ ಮಾತ್ರ ಹುಬ್ಬಿನ ಮೇಲಿನ ಹೊಲಿಗೆಯ ಗುರುತು ತೋರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಅವನೂ ಚಹಾ ಕೊಟ್ಟ. ಇಷ್ಟು ಸುಲಭ ಎಂದು ಗೊತ್ತಿದ್ದರೆ ಇನ್ನೂ ನಾಲ್ಕು ಜನರಿಗೆ ಒದೆಯಬಹುದಿತ್ತು ಎಂದು ಮೊಯ್ದುವಿಗೆ ಅನ್ನಿಸಿತು. ತಕ್ಷಣ ತೌಬಾ ತೌಬಾ ಎಂದು ಕೆನ್ನೆ ಬಡಿದುಕೊಂಡ.

ಸುದ್ದಿ ಈಜುಕೊಳದ ದಂಡೆಗೆ ತಲುಪಿದಾಗ ಇದ್ರಿಸ್ ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. "ಎಲ್ಲ ಹೇಳಿಬಿಟ್ಟೆಯಾ? ಹೆಬ್ಬೆರಳಿನದ್ದೂ? ಹದಿನಾರು ವರ್ಷದ ಗಳಿಕೆಯನ್ನು ಊರಿಗೆಲ್ಲ ಹಂಚಿ ಬಂದೆಯಲ್ಲೋ ಕತ್ತೆ!" ಎಂದು ಕೂಗಾಡಿದರು. ತಾವು ಒದ್ದವರ ಹತ್ತಿರವೆಲ್ಲ ಕ್ಷಮೆ ಕೇಳುತ್ತ ಹೊರಟರೆ, ಈ ಮಂಡಿಗಳನ್ನು ಕಟ್ಟಿಕೊಂಡು ಸಾಯುವವರೆಗೂ ಇಂಗ್ಲೆಂಡಿನಲ್ಲಿ ನಡೆಯುತ್ತಲೇ ಇರಬೇಕಾಗುತ್ತದೆ ಎಂದರು.

ಕೊನೆಗೆ ಉಳಿದವನು ಮುಝಫ್ಫರ್. ಪೇಟೆಯಲ್ಲಿ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ. ಮೊಯ್ದುವಿನ ಕಥೆಯನ್ನು ಪೂರ್ತಿ ಕೇಳಿದ. ಚಹಾ ತರಿಸಲಿಲ್ಲ.

"ಮಾಫ್ ಮಾಡ್ತೇನೆ ಭಾಯ್, ಯಾಕೆ ಮಾಡುದಿಲ್ಲ," ಎಂದ. "ಆದ್ರೆ ಫೈನಲ್ಲಿನಲ್ಲಿ ಒಂದು ಸಲ ನನ್ನನ್ನು ಬಿಟ್ಟುಬಿಡಬೇಕು. ಒಂದೇ ಸಲ. ಗೋಲು ಆದ ಕೂಡ್ಲೇ ಅಲ್ಲೇ ಮೈದಾನದಲ್ಲೇ ಮಾಫ್."

"ಅದೆಂತ ಮಾತು ಮಾರಾಯ! ಮಾಫಿಗೆ ಯಾರಾದ್ರೂ ಶರ್ತ ಹಾಕುದುಂಟಾ?"

"ಎರಡು ವರ್ಷದಿಂದ ಮಾವ ನನ್ನನ್ನು ಅಂಗಡಿಗೆ ಬಂದವರ ಎದುರೆಲ್ಲ ನಗೆಗೀಡು ಮಾಡ್ತಿದ್ದಾರೆ. ಬ್ಯಾರಿ ಕಿಸೆಯಲ್ಲಿ ಹಾಕಿಕೊಂಡ ಹುಡುಗ ಅಂತ. ನಿನಗೆ ಹಜ್ಜು ಬೇಕು, ನನಗೆ ಗೋಲು ಬೇಕು. ಹೋಗಿ ಯೋಚನೆ ಮಾಡು."

ಆ ರಾತ್ರಿ ಮೊಯ್ದು ಲೆಕ್ಕ ಹಾಕುತ್ತ ಕುಳಿತ. ಮಾಫಿ ಸಿಗದೆ ಹೋದರೆ ಹಜ್ಜು ಹಜ್ಜಾಗುವುದಿಲ್ಲ. ಉಮ್ಮನಿಗೆ ಸುಳ್ಳು ಹೇಳಬೇಕಾಗುತ್ತದೆ. ಒಂದು ಗೋಲಿನಿಂದ ಪ್ರಪಂಚ ಮುಳುಗುತ್ತದೆಯೇ ಎಂದು ಮೆಲ್ಲನೆ ಮುಸ್ಲಿಯಾರರ ಅಭಿಪ್ರಾಯ ಕೇಳಿದ. ಗೋಲ್‌ಕೀಪರನ ಹತ್ತಿರ ಕೇಳುವ ಪ್ರಶ್ನೆಯೇ ಅದು?

"ಅವ ಒಬ್ಬ ಮಾಫ್ ಮಾಡ್ತಾನೆ, ಸರಿ," ಎಂದರು ಮುಸ್ಲಿಯಾರ್, ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕುತ್ತ. "ಆದ್ರೆ ತಂಡಕ್ಕೆ ದ್ರೋಹ ಮಾಡಿದ್ದಕ್ಕೆ ನೀನು ಹತ್ತು ಜನರ ಮಾಫಿ ಕೇಳ್ಬೇಕಾಗ್ತದೆ. ಅದರಲ್ಲಿ ಮೊದಲಿನವ ನಾನು. ನಾನು ಕೊಡುದಿಲ್ಲ."

ಇದ್ರಿಸ್ ಸಾಹೇಬರ ಹತ್ತಿರ ಹೋದ. ಅವರು ಬೈಯುತ್ತಾರೆ ಎಂದುಕೊಂಡಿದ್ದ, ಬೈಯಲಿಲ್ಲ. 

"ನನ್ನನ್ನು ದಾಟಿ ಹೋದವರು ಬೇಕಾದಷ್ಟು ಜನ ಇದ್ದಾರೆ," ಎಂದರು. "ಆದರೆ ಒಬ್ಬನಿಗೂ ನಾನಾಗಿ ದಾರಿ ಬಿಟ್ಟಿಲ್ಲ. ಕಪ್ ಇಲ್ಲ, ದೇಶಕ್ಕೆ ಆಡಲಿಲ್ಲ, ಹೆಂಡತಿಯೂ ಇಲ್ಲ. ನನ್ನ ಹತ್ತಿರ ಉಳಿದದ್ದು ಇದೊಂದೇ ಮೊಯ್ದು. ಆಮೇಲೆ ನಿನ್ನಿಷ್ಟ."

ಈ ಪೋಕರಿ ಮುದುಕನ ಮೇಲೆ ಮೊಯ್ದುವಿಗೆ ಆಗ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಅಲ್ಲೇ ನಿರ್ಧಾರ ಮಾಡಿದ. ಮುಝಫ್ಫರನಿಗೆ ದಾರಿ ಬಿಡುವುದಿಲ್ಲ, ಆದರೆ ಅವನ ಮೈಮೇಲೆ ಕೈಯನ್ನೂ ಹಾಕುವುದಿಲ್ಲ. ನ್ಯಾಯವಾಗಿ ಆಡುವುದು. ಅಷ್ಟು ಕಂಡ ಮೇಲಾದರೂ ಅವನ ಮನಸ್ಸು ಕರಗೀತು.

ಶುಕ್ರವಾರ ಬಂತು. ಅಬಹಾದ ಬೆಟ್ಟದ ಕಡೆ ಮೋಡ ಕಟ್ಟಿತ್ತು, ಪೇಟೆಯ ಹೊರಗಿನ ಮಣ್ಣು ಮೈದಾನದ ಸುತ್ತ ಡಾಟ್ಸನ್ ಪಿಕಪ್ಪುಗಳು ಸಾಲಾಗಿ ನಿಂತಿದ್ದವು. ರೆಫರಿ ಮಂಗಳೂರಿನ ಡ್ರೈವರ್ ಕೊರಗಪ್ಪ. ಬ್ಯಾರಿಯೂ ಅಲ್ಲದ, ಭಟ್ಕಳದವನೂ ಅಲ್ಲದ ಕಾರಣ ಇಬ್ಬರಿಗೂ ಅವನ ಮೇಲೆ ಸಮಾನವಾದ ಅಪನಂಬಿಕೆ ಇತ್ತು.

ನ್ಯಾಯವಾಗಿ ಆಡುವುದು ಎಷ್ಟು ಕಷ್ಟ ಎಂದು ಮೊಯ್ದುವಿಗೆ ಹತ್ತೇ ನಿಮಿಷದಲ್ಲಿ ತಿಳಿಯಿತು. ಕೈ ತಾನಾಗಿಯೇ ಮುಝಫ್ಫರನ ಸೊಂಟದ ಕಡೆ ಹೋಗುತ್ತಿತ್ತು, ಅದನ್ನು ಎಳೆದೆಳೆದು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕಾಗುತ್ತಿತ್ತು. ಓಡಿ ಓಡಿ ನಾಲಿಗೆ ಹೊರಬಂತು. ಆದರೂ ಹೇಗೋ ಪ್ರತಿ ಸಲವೂ ಚೆಂಡಿಗೆ ಅಡ್ಡ ಬೀಳುತ್ತಿದ್ದ. "ಈಗಲಾ? ಈಗ ಬಿಡ್ತೀಯಾ?" ಎಂದು ಮುಝಫ್ಫರ್ ಪಿಸುಗುಟ್ಟುತ್ತಿದ್ದ. ಮೊಯ್ದು ಚೆಂಡನ್ನು ಗೆರೆಯ ಆಚೆ ಒದೆಯುತ್ತಿದ್ದ.

ಯಾರಿಗೂ ಗೋಲಿಲ್ಲ, ಆಟ ಇನ್ನೇನು ಮುಗಿಯಬೇಕು. ಮುಝಫ್ಫರ್ ಚೆಂಡು ಹಿಡಿದು ಗೋಲಿನ ಪೆಟ್ಟಿಗೆಯೊಳಗೆ ನುಗ್ಗಿದ. ಪಕ್ಕದಲ್ಲೇ ಮೊಯ್ದು. ಎರಡು ವರ್ಷದಿಂದ ಮುಝಫ್ಫರನಿಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು: ಈ ಜಾಗಕ್ಕೆ ಬಂದರೆ ಮೊಯ್ದು ಅಂಗಿ ಹಿಂದಕ್ಕೆ ಜಗ್ಗುತ್ತಾನೆ, ಅದಕ್ಕೆ ತಕ್ಕಂತೆ ಮೈಯನ್ನು ಮುಂದಕ್ಕೆ ಬಿಸಾಡಬೇಕು. ಬಿಸಾಡಿದ. ಹಿಂದಿನಿಂದ ಯಾರೂ ಜಗ್ಗಲಿಲ್ಲ. ಮುಖ ಅಡಿಯಾಗಿ ಮಣ್ಣಿಗೆ ಬಿದ್ದ.

ಅವನು ನೆಲ ಮುಟ್ಟುವ ಮೊದಲೇ ಕೊರಗಪ್ಪನ ಸೀಟಿ ಕೂಗಿತು. ಪೆನಾಲ್ಟಿ!

"ಅಲ್ಲಾಹನಾಣೆ ನಾನು ಮುಟ್ಟಲಿಲ್ಲ!" ಮೊಯ್ದು ಎರಡೂ ಕೈ ಎತ್ತಿ ಕೂಗಿದ.

"ನೀನು ಮುಟ್ಟದೆ ಅವ ಬೀಳುದಾ?" ಎಂದ ಕೊರಗಪ್ಪ. "ಎರಡು ವರ್ಷದಿಂದ ನೋಡ್ತಾ ಇದ್ದೇನೆ ಮಾರಾಯ ನಿನ್ನನ್ನು."

ಮೊಯ್ದು ಮುಝಫ್ಫರನ ಮುಖ ನೋಡಿದ. ಮುಝಫ್ಫರ್ ತನ್ನ ಮೊಣಕಾಲಿನ ಮಣ್ಣು ಕೊಡವಿಕೊಂಡ, ಮೇಲೆ ನೋಡಲೇ ಇಲ್ಲ. ಗೆರೆಯ ಆಚೆ ಇದ್ರಿಸ್ ಸಾಹೇಬರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. "ನನಗೂ ಕಾಣಲಿಲ್ಲ ಮಗನೇ! ಹೇಗೆ ಮಾಡಿದೆ?" ಎಂದು ಹೆಮ್ಮೆಯಿಂದ ಕೂಗಿದರು. ಎರಡು ವರ್ಷದಲ್ಲಿ ಮೊದಲ ಬಾರಿ ತಪ್ಪು ಮಾಡದೆ ನಿಂತಿದ್ದವನಿಗೆ ಆ ಹೊಗಳಿಕೆ ಕೇಳಿ ಅಳು ಬಂತು. ಮುಝಫ್ಫರ್ ಪೆನಾಲ್ಟಿ ಹೊಡೆದ, ಚೆಂಡು ಮುಸ್ಲಿಯಾರರ ಕೈ ಸವರಿ ಬಲೆ ಸೇರಿತು. ಕಪ್ ಭಟ್ಕಳದವರ ಪಾಲಾಯಿತು.

ಮಗ್ರಿಬ್ ಮುಗಿಸಿ ಮೊಯ್ದು ಬಸ್ಸಿನ ಹತ್ತಿರ ಬಂದಾಗ ತಂಡದವರು ಯಾರೂ ಸರಿಯಾಗಿ ಮಾತಾಡಿಸಲಿಲ್ಲ. ಗೋಲು ಆದರೂ ಮುಝಫ್ಫರನ ಮಾಫಿ ಸಿಗಲಿಲ್ಲ ಎನ್ನುವುದಕ್ಕಿಂತ, ನಿಜ ಗೊತ್ತಿದ್ದೂ ಅವನು ಸುಮ್ಮನೆ ಮಣ್ಣು ಕೊಡವಿಕೊಂಡನಲ್ಲ, ಅದು ಅವನ ಎದೆ ಸುಡುತ್ತಿತ್ತು. ಈ ಹೊಟ್ಟೆಯುರಿ ಹೊತ್ತುಕೊಂಡು ಎಂಥ ಹಜ್ಜು? ಸಾಮಾನು ಮೇಲಿಟ್ಟು ಕಿಟಕಿಯ ಪಕ್ಕ ಕುಳಿತ.

ಅಷ್ಟರಲ್ಲಿ ಮುಝಫ್ಫರ್ ಓಡೋಡಿ ಬಂದ. ಆಟದ ಬಟ್ಟೆಯನ್ನೂ ಬದಲಿಸಿರಲಿಲ್ಲ.

"ಮೊಯ್ದು ಭಾಯ್! ಮಾಫ್! ನಿನ್ನದೆಲ್ಲ ಮಾಫ್! ಹೆಬ್ಬೆರಳು, ಅಂಗಿ, ಮೊಣಕಾಲು, ಎಲ್ಲ ಮಾಫ್!" ಎಂದು ಕಿಟಕಿ ಹಿಡಿದು ಏದುಸಿರು ಬಿಟ್ಟ.

"ಇದೆಂತ ಇದ್ದಕ್ಕಿದ್ದ ಹಾಗೆ?"

"ಮುಸ್ಲಿಯಾರ್ ಹೇಳಿದ್ರು. ಮೊಯ್ದು ನಿನ್ನನ್ನು ಮುಟ್ಟಿದ್ದರೆ ಹೆದರಬೇಡ, ಮುಟ್ಟದಿದ್ದರೆ ನೋಡಿಕೋ, ಅವ ಹಜ್ಜಿನ ದಿನ ಅರಫಾ ಬಯಲಲ್ಲಿ ನಿಂತು ಕೈ ಎತ್ತಿ ಬೇಡ್ತಾನೆ, ಅನ್ಯಾಯ ಆದವನ ದುಆಕ್ಕೆ ತಡೆಯೇ ಇಲ್ಲ ಅಂತ. ನೀನು ಮುಟ್ಟಲಿಲ್ಲ ಭಾಯ್. ನನಗೆ ಗೊತ್ತುಂಟು. ನನಗೆ ಮಾಫ್ ಮಾಡು."

ಬಸ್ಸಿನ ಇಂಜಿನ್ ಶುರುವಾಯಿತು. ಮೊಯ್ದುವಿಗೆ ಬೇಕಾದದ್ದು ಸಿಕ್ಕಿಯಾಗಿತ್ತು. ಇನ್ನು ಕಿಟಕಿ ಎಳೆದು ಕುಳಿತರೆ ಸಾಕು. ಈ ಹುಡುಗ ಹಜ್ಜು ಮುಗಿಯುವವರೆಗೆ ನಿದ್ದೆ ಇಲ್ಲದೆ ಒದ್ದಾಡುತ್ತಾನೆ. ಹೋಗಿ ಎಲ್ಲರ ಎದುರು ನಿಜ ಹೇಳು, ಕಪ್ ವಾಪಸು ಕೊಡು, ಆಮೇಲೆ ನೋಡೋಣ ಎನ್ನಲೂಬಹುದು. ಹಾಗೆ ಹೇಳಲು ಬಾಯಿ ತೆರೆದ. ತೆರೆದ ಮೇಲೆ, ಬಟ್ಟೆ ಅಂಗಡಿಯಲ್ಲಿ ತನಗೂ ಇಂಥದ್ದೇ ಒಂದು ಶರ್ತ ಬಿದ್ದಿತ್ತಲ್ಲ ಎಂದು ನಾಚಿಕೆಯಾಯಿತು.

ಬಸ್ಸು ಚಲಿಸಿತು. ಮುಝಫ್ಫರ್ ಕಿಟಕಿ ಬಿಡದೆ ಜೊತೆಗೇ ಓಡತೊಡಗಿದ.

"ಮಾಫ್ ಮಾರಾಯ," ಎಂದ ಮೊಯ್ದು. "ಹೋಗು, ಮಾಫ್."

ಹೇಳಿದ್ದೇನೋ ಹೇಳಿದ. ಆದರೆ ಆ ಎರಡು ಅಕ್ಷರ ಹೊರಬರುವಾಗ ಒಳಗಿನಿಂದ ಏನನ್ನೋ ಕಿತ್ತುಕೊಟ್ಟ ಹಾಗೆ ನೋವಾಯಿತು, ಹೇಳಿದ ಮೇಲೂ ಸಿಟ್ಟು ಇಳಿಯಲಿಲ್ಲ. ಬಸ್ಸು ಊರು ದಾಟಿತು, ಸುತ್ತಲಿನವರು ಹಾಜಿಗಳು ದಾರಿಯುದ್ದ ಹೇಳುವ ತಲ್ಬಿಯಾ ಕಲಿಯುತ್ತಿದ್ದರು. ಹುಬ್ಬಿಗೆ ಹೊಲಿಗೆ ಬಿದ್ದಿದ್ದವನು ಚಹಾ ಕೊಡುವ ಮೊದಲು ಯಾಕೆ ಅಷ್ಟು ಹೊತ್ತು ಸುಮ್ಮನಿದ್ದ ಎಂದು ಮೊಯ್ದುವಿಗೆ ಆಗ ಗೊತ್ತಾಯಿತು. ಹಾಗಾದರೆ, "ಅದಕ್ಕೇನು, ಆಟ ಅಲ್ಲವಾ" ಎಂದು ಬೆನ್ನು ತಟ್ಟಿದ ಉಳಿದವರು? ಅವರಿಗೆಲ್ಲ ಎಷ್ಟು ನೋವಾಗಿತ್ತೋ, ತಾನು ಕೇಳಲೇ ಇಲ್ಲ. ಅವನು ಮುಖ ಮುಚ್ಚಿಕೊಂಡು, ಆ ಒಬ್ಬೊಬ್ಬರ ಹೆಸರನ್ನೂ ನೆನಪು ಮಾಡಿಕೊಳ್ಳತೊಡಗಿದ.