ಮೈಕಿನಲ್ಲಿ ಕೂಗಿದ ಹೆಸರು

ಕೌನ್ಸೆಲಿಂಗಿಗೆ ಹೋಗಬೇಕಾದ ಮಕ್ಕಳ ಹೆಸರನ್ನು ಬೆಳಗಿನ ಪ್ರಾರ್ಥನೆಯಲ್ಲೇ ಮೈಕಿನಲ್ಲಿ ಕೂಗುವುದು ವಿಜಯನಗರದ ಆ ಶಾಲೆಯ ಹೆಡ್‌ಮಾಸ್ಟರ್ ಸೇತುರಾಮರ ಪದ್ಧತಿ. ಇವತ್ತು ಎಂಟನೇ ಕ್ಲಾಸಿನ ರಂಜಿನಿಯ ಹೆಸರು ಬಂತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಹುಡುಗಿ ಓಡಿಹೋಗಿ ಶೌಚಾಲಯದ ಚಿಲಕ ಹಾಕಿಕೊಂಡಳು.

ಬಾಗಿಲು ಒಡೆಸುತ್ತೇನೆಂದು ಹಾರಾಡುತ್ತಿದ್ದ ಆ ಪುಣ್ಯಾತ್ಮನನ್ನು ಕೌನ್ಸೆಲರ್ ಸಂಘಮಿತ್ರಾ ಕೈಮುಗಿದು ಆಫೀಸಿಗೆ ಸಾಗಹಾಕಿದಳು. ಆಮೇಲೆ ಒದ್ದೆ ನೆಲದ ಮೇಲೇ ಕುಕ್ಕರಿಸಿದಳು.

“ಮಿಸ್, ಹೊರಗೆ ಯಾರ್ಯಾರಿದಾರೆ?”

“ನಾನೊಬ್ಬಳೇ ಕಣೇ. ಮೈಕಲ್ಲಿ ಕೂಗಿದ್ದು ತಪ್ಪು. ಇನ್ಮೇಲೆ ನಿನ್ನ ವಿಷಯ ಯಾರ ಕಿವಿಗೂ ಬೀಳಲ್ಲ, ಆಯ್ತಾ?”

ಒಳಗೆ ಬಿಕ್ಕುವುದು ನಿಂತಿತು. ಚಿಲಕ ಮೆಲ್ಲಗೆ ಸರಿಯತೊಡಗಿತು.

ಅಷ್ಟರಲ್ಲಿ ಕಾರಿಡಾರಿನ ಸ್ಪೀಕರ್ ಗೊರಗುಟ್ಟಿತು. “ಸಂಘಮಿತ್ರಾ ಮೇಡಂ, ರಂಜಿನಿ ಬಾಗಿಲು ತೆಗೆದ್ಲಾ?”

ಚಿಲಕ ಪಟ್ಟನೆ ಮತ್ತೆ ಬಿತ್ತು.